ಕೈಯ ಮಾತಿಗೂ ಕದ ಬೇಕು

ಚಾಲಕನಿಲ್ಲದ ಟ್ಯಾಕ್ಸಿಗಳು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಿಳಿದಾಗ ಎರ್ಲಿಂಡಾಳ ಓರಗೆಯವರೆಲ್ಲ ಅವುಗಳ ಹತ್ತಿರ ಸುಳಿಯಲೂ ಹೆದರಿದರು. ಎರ್ಲಿಂಡಾ ಮಾತ್ರ ಸಂಕೋಚವಿಲ್ಲದೆ ಹತ್ತಿ ಕೂತಳು. ಅವಳಿಗೆ ಬೇಕಾಗಿದ್ದದ್ದು ಆ ಕಾರಿನ ಜಾಣತನವಲ್ಲ. ಮುಂದಿನ ಸೀಟಿನಲ್ಲಿ ಯಾರೂ ಇಲ್ಲ ಎನ್ನುವುದೊಂದೇ ಅವಳಿಗೆ ಸಾಕಾಗಿತ್ತು.

ಎರ್ಲಿಂಡಾ ಮಕರಾಯೆಗ್‌ಗೆ ಹುಟ್ಟಿನಿಂದಲೂ ಕಿವಿ ಕೇಳದು. ಅವಳ ಮಾತೆಲ್ಲ ಕೈಯಲ್ಲಿ. ಅಪ್ಪ ಅಮ್ಮ ಫಿಲಿಪೀನ್ಸ್‌ನಿಂದ ಬಂದು ಇಲ್ಲಿ ನೆಲೆನಿಂತವರು. ಅವಳು ಹುಟ್ಟಿದ್ದು, ಬೆಳೆದದ್ದು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದದ್ದು ಎಲ್ಲ ಇದೇ ಊರಿನಲ್ಲಿ. ಗಂಡ ರುಬೆನ್‌ಗೂ ಕಿವಿ ಕೇಳುತ್ತಿರಲಿಲ್ಲ. ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ನೋರೀನ್‌ಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವಳು ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ನಲ್ಲಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು.

ಹಿಂದೆಲ್ಲ ಟ್ಯಾಕ್ಸಿ ಎಂದರೆ ಎರ್ಲಿಂಡಾಗೆ ತಲೆನೋವು. ಮನೆ ಸಿಗದಿದ್ದರೆ ಚಾಲಕರು ಫೋನು ಮಾಡುತ್ತಿದ್ದರು. ಅವಳು ಎತ್ತುವುದೆಲ್ಲಿಂದ ಬಂತು? ಎತ್ತಲಿಲ್ಲವೆಂದು ಹೊರಟೇ ಹೋಗುತ್ತಿದ್ದರು. ಸಿಕ್ಕವರಲ್ಲೂ ಕೆಲವರು, ಗಂಟಲು ಹರಿಯುವಂತೆ ಕೂಗಿದರೆ ಕಿವುಡಿಗೂ ಕೇಳೀತೆಂದು ನಂಬಿದವರು. ಎಲ್ಲಕ್ಕಿಂತ ಹಿಂಸೆಯೆಂದರೆ ಆ ಕನ್ನಡಿ. ಹಿಂದಿನ ಸೀಟಿನಲ್ಲಿ ಅವಳೂ ಗೆಳತಿ ಡಾಟಿಯೂ ಕೈಯಾಡಿಸಿ ಮಾತಾಡುತ್ತಿದ್ದರೆ ಕನ್ನಡಿಯಲ್ಲಿ ಎರಡು ಕಣ್ಣು ಏಳುತ್ತಿದ್ದವು, ಬೀದಿಯಲ್ಲಿ ಕೋತಿ ಆಡಿಸುವುದನ್ನು ನೋಡುವವರ ಹಾಗೆ.

ಪೆಲಿಕನ್ ಕಂಪನಿಯ ಬಿಳಿ ಕಾರುಗಳು ಬಂದ ಮೇಲೆ ಆ ಕಣ್ಣು ಇಲ್ಲವಾಯಿತು. ನೋರೀನ್ ತನ್ನ ಹೆಸರಿನಲ್ಲೇ ಖಾತೆ ತೆರೆದು ಅಮ್ಮನ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟಳು. ಕಾರು ಬರುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಹತ್ತಿದ ಕೂಡಲೇ ಪರದೆಯ ಮೇಲೆ ಒಂದು ಸಾಲು ಮೂಡುತ್ತಿತ್ತು: "ನಿಮ್ಮ ಮಾತು ನಿಮ್ಮದೇ. ಕಾರಿನೊಳಗಿನ ಸಂಭಾಷಣೆಯನ್ನು ನಾವು ಕೇಳಿಸಿಕೊಳ್ಳುವುದಿಲ್ಲ."

"ನೋಡೇ, ನಮ್ಮ ಮಾತು ಕೇಳಿಸ್ಕೊಳ್ಳಲ್ವಂತೆ," ಎಂದು ಡಾಟಿ ಪ್ರತಿ ಸಲವೂ ನಗುತ್ತಿದ್ದಳು. "ಹುಟ್ಟಿದಾಗಿನಿಂದ ಯಾರು ಕೇಳಿಸ್ಕೊಂಡಿದಾರೆ?"

ಡಾಟಿ ಕೊವಾಲ್ಚಿಕ್ ಎರ್ಲಿಂಡಾಳ ಶಾಲೆಯ ಕಾಲದ ಗೆಳತಿ. ಕಡ್ಡಿ ದೇಹ, ಅಗಲ ಕೈ. ಆ ಕೈಗಳು ಒಮ್ಮೆ ಮಾತಿಗೆ ಇಳಿದರೆ ಪಕ್ಕದವರು ಕಾಫಿ ಲೋಟ ಸರಿಸಿಕೊಳ್ಳಬೇಕಿತ್ತು. ಬುಧವಾರ ಮಧ್ಯಾಹ್ನ ಕಿವುಡರ ಕ್ಲಬ್ಬಿಗೆ ಇಬ್ಬರೂ ಜೊತೆಯಲ್ಲೇ ಹೋಗುವುದು ವಾಡಿಕೆ.

ಅಂಥ ಒಂದು ಬುಧವಾರ ಕಾರು ಮಿಷನ್ ಬೀದಿಗೆ ತಿರುಗಿದ ಮೇಲೆ ಎರ್ಲಿಂಡಾ ಗೆಳತಿಯ ಮೊಣಕಾಲು ತಟ್ಟಿದಳು.

"ಒಂದು ವಿಷಯ ಹೇಳ್ತೀನಿ. ಹೌಹಾರಬೇಡ. ಮದುವೆ ಕಣೇ."

"ಯಾರದು?"

"ನಂದು."

ಡಾಟಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ಇನ್ನೊಂದ್ಸಲ ಹೇಳು."

"ಕ್ಲೈಡ್ ಕೇಳಿದ. ನಾನು ಹೂಂ ಅಂದೆ."

"ಯಾವ ಕ್ಲೈಡ್? ಆ ಉದ್ದನೆ ಮುದುಕನಾ? ಇಸ್ಪೀಟಲ್ಲಿ ಮೋಸ ಮಾಡ್ತಾನಲ್ಲ, ಅವನಾ?"

"ಅವನು ಮೋಸ ಮಾಡಲ್ಲ. ನಿನಗೆ ಆಡೋಕೆ ಬರಲ್ಲ."

ಡಾಟಿ ನಕ್ಕಳು, ಎರ್ಲಿಂಡಾಳ ಎರಡೂ ಕೆನ್ನೆ ಹಿಂಡಿದಳು, ಕಣ್ಣೊರೆಸಿಕೊಂಡಳು. ಆಮೇಲೆ ತಟ್ಟನೆ ಕೇಳಿದಳು: "ನೋರೀನ್ ಏನಂದ್ಲು?"

ಎರ್ಲಿಂಡಾಳ ಕೈ ಮಡಿಲಲ್ಲೇ ಉಳಿಯಿತು.

"ಹೇಳಿಲ್ವಾ? ಅಯ್ಯೋ ನಿನ್ನ! ಹೆತ್ತ ಮಗಳಿಗೆ ಹೇಳ್ದೆ ನನಗೆ ಹೇಳ್ತಿದೀಯಾ? ನಾಳೆ ಆ ಹುಡುಗಿ ಎದುರು ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ ನಾನು?"

"ಮುಖ ಯಾವುದಾದ್ರೂ ಇಟ್ಕೋ. ಕೈ ಮಾತ್ರ ಕಟ್ಕೊಂಡಿರು."

"ನನಗೆ ಹೇಳೋಕೆ ಬರ್ತೀಯಾ? ಕ್ಲಬ್ಬಲ್ಲಿ ಯಾರಿಗಾದ್ರೂ ಒಂದು ಎಳೆ ಸಿಕ್ರೆ ಸಂಜೆಯೊಳಗೆ ಸ್ಯಾನ್ ಹೋಸೆ ಊರವರೆಗೂ ಹೋಗುತ್ತೆ! ಊರ ಬಾಯಿಗೆ ಬೀಗ ಹಾಕ್ಬಹುದು, ಕಿವುಡರ ಕೈಗೆ ಯಾರು ಹಾಕ್ತಾರೆ?"

ಮಾತು ಏರಿತು. ಡಾಟಿ ಸೀಟು ಗುದ್ದಿದಳು. ಎರ್ಲಿಂಡಾ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿ ತನ್ನ ಮಾತು ತೂರಿಸಿದಳು. ಡಾಟಿ ಕಿತ್ತುಕೊಂಡು ಗಾಳಿಯನ್ನೇ ಎರಡು ಹೋಳು ಮಾಡುವವಳಂತೆ ಕೈ ಬೀಸಿದಳು. ಆಗ ಕಾರು ಮೆಲ್ಲಗೆ ಬದಿಗೆ ಸರಿದು ಬೇಕರಿಯೊಂದರ ಎದುರು ನಿಂತಿತು.

ಪರದೆಯ ಮೇಲೆ ಅಕ್ಷರ ಮೂಡಿತು: "ಕಾರಿನೊಳಗೆ ಹೊಡೆದಾಟ ನಡೆಯುತ್ತಿರುವಂತೆ ಕಂಡಿತು. ನೀವು ಕ್ಷೇಮವೇ? ನಮ್ಮ ಸಹಾಯಕರು ಮಾತಾಡುತ್ತಿದ್ದಾರೆ."

ಸಹಾಯಕರು ಮಾತಾಡಿಯೇ ಇದ್ದರೇನೋ. ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ತುಸು ಹೊತ್ತಿನಲ್ಲಿ ಹೊಸ ಸಾಲು ಬಂತು. ಇದನ್ನು ಯಂತ್ರವಲ್ಲ, ಮನುಷ್ಯ ಬರೆದದ್ದೆಂದು ನೋಡಿದರೇ ತಿಳಿಯುತ್ತಿತ್ತು.

"ಅಯ್ಯೋ, ತಪ್ಪಾಯ್ತು. ನೀವು ಕೈಮಾತಾಡ್ತಿದ್ದೀರಿ. ನಮ್ಮಮ್ಮನಿಗೂ ಕಿವಿ ಕೇಳಲ್ಲ. ಕಾರಿಗೆ ಅದು ಹೊಡೆದಾಟದ ಹಾಗೆ ಕಂಡಿದೆ. ಈಗಲೇ ಹೊರಡಿಸ್ತೀನಿ."

ಡಾಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರ್ಲಿಂಡಾಳೂ ನಕ್ಕಳು. ಆದರೆ ಅವಳ ನಗು ಅರ್ಧಕ್ಕೇ ನಿಂತಿತು. ಅವಳು ತಲೆಯೆತ್ತಿ ಹುಡುಕಿದಳು. ಕಾರಿನ ಒಳಛಾವಣಿಯಲ್ಲಿ ಅಂಗಿಯ ಗುಂಡಿಯಷ್ಟು ದಪ್ಪದ ಕಪ್ಪು ಗಾಜೊಂದಿತ್ತು. ಇಷ್ಟು ದಿನ ಅದನ್ನು ಅವಳು ದೀಪವೆಂದುಕೊಂಡಿದ್ದಳು. ಅದಕ್ಕೆ ಎದುರಾಗಿ ಕೈಯೆತ್ತಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಕೇಳಿದಳು:

"ನಾವು ಮಾತಾಡಿದ್ದು ನಿನಗೆ ಗೊತ್ತಾಯ್ತಾ?"

ಪರದೆಯ ಮೇಲೆ ಉತ್ತರ ಮೂಡಿತು.

"ಗೊತ್ತಾಯ್ತು ಆಂಟಿ. ಸುಳ್ಳು ಹೇಳಲ್ಲ. ಜಗಳ, ಅದಕ್ಕೆ ಮುಂಚಿನ ಮಾತು ಎರಡೂ ನನಗೆ ಬಂತು, ನೋಡಿದೆ. ನೋಡೋದೇ ನನ್ನ ಕೆಲಸ. ನನ್ನಿಂದ ಇದು ಆಚೆ ಹೋಗಲ್ಲ."

"ಅವನ ಅಮ್ಮ ಯಾರು ಕೇಳು," ಎಂದು ಡಾಟಿ ತಿವಿದಳು. "ಕೇಳೇ, ಅವನ ಅಮ್ಮ ಯಾರಂತೆ?"

ಎರ್ಲಿಂಡಾ ಕೇಳಲಿಲ್ಲ. ಕ್ಲಬ್ಬು ಬರುವವರೆಗೂ ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿಟ್ಟು ಕೂತಿದ್ದಳು.

ಮುಂದಿನ ದಿನಗಳಲ್ಲಿ ಅವಳಿಗೆ ವಿಚಿತ್ರವಾದ ಕಷ್ಟ ಶುರುವಾಯಿತು. ತನ್ನ ಅಡುಗೆಮನೆಯಲ್ಲಿ ಕ್ಲೈಡ್ ಜೊತೆ ಮಾತಾಡುವಾಗಲೂ ಕೈ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಯ ಮೇಡಮ್ಮು ತುಟಿ ನೋಡಿಯೇ ಮಾತು ಕಲಿಯಬೇಕೆಂದು ಹಟ ಹಿಡಿದು, ಕೈಯಾಡಿಸಿದವರನ್ನು ಅವರವರ ಅಂಗೈ ಮೇಲೇ ಕೂರಿಸುತ್ತಿದ್ದರು. ಎರ್ಲಿಂಡಾ, ಡಾಟಿ ಇಬ್ಬರೂ ಬೆಂಚಿನ ಕೆಳಗೆ ಬೆರಳಾಡಿಸಿ ಗುಟ್ಟು ಹೇಳಿಕೊಂಡೇ ಗೆಳತಿಯರಾದವರು. ಮುದಿತನದಲ್ಲಿ ಮತ್ತೆ ಆ ಬೆಂಚಿನ ಕೆಳಕ್ಕೇ ಹೋದಂತೆ ಅವಳಿಗೆ ಅನ್ನಿಸುತ್ತಿತ್ತು.

ಕ್ಲೈಡ್ ಬುಕರ್ ಅಚ್ಚುಕೂಟದಲ್ಲಿ ದುಡಿದು ನಿವೃತ್ತನಾದವನು. ಕಪ್ಪು ಜನರ ಹಳೆಯ ಕುಟುಂಬ ಅವನದು, ಅಜ್ಜನ ಕಾಲದಿಂದ ಓಕ್ಲೆಂಡಿನವರು. ದೊಡ್ಡ ಸದ್ದಿನ ಯಂತ್ರಗಳ ನಡುವೆ ಕಿವುಡರಿಗೇ ಕೆಲಸ ಸಲೀಸೆಂದು ಆ ಕಾಲದಲ್ಲಿ ಅವನಂಥವರನ್ನೇ ಇಟ್ಟುಕೊಳ್ಳುತ್ತಿದ್ದರು. ಯಾವುದಕ್ಕೂ ಅವಸರಪಡದ ಮನುಷ್ಯ.

"ಮಗಳಿಗೆ ಹೇಳಿಬಿಟ್ರೆ ಈ ಭಯಾನೇ ಇರಲ್ಲ," ಎಂದ ಅವನು. "ನನ್ನ ಬಗ್ಗೆ ನಾಚಿಕೆನಾ?"

"ನಿನ್ನ ಬಗ್ಗೆ ಅಲ್ಲ. ಅದು ಬೇರೆ. ನಂಗೇ ಸರಿಯಾಗಿ ಹೇಳೋಕೆ ಬರ್ತಿಲ್ಲ."

ಅವಳು ಪೆಲಿಕನ್ ಕಂಪನಿಗೆ ದೂರು ಬರೆದಳು. ಮರುದಿನವೇ ಉತ್ತರ ಬಂತು. "ತಮ್ಮ ಕಳವಳ ನಮಗೆ ಅರ್ಥವಾಗುತ್ತದೆ. ಕಾರಿನೊಳಗಿನ ಧ್ವನಿಯನ್ನು ನಾವು ದಾಖಲಿಸುವುದಿಲ್ಲ. ಸುರಕ್ಷತೆಗಾಗಿಯೂ ಕಾರಿನ ಕಲಿಕೆಗಾಗಿಯೂ ಚಿತ್ರ ಮಾತ್ರ ಉಳಿಸಿಕೊಳ್ಳುತ್ತೇವೆ. ತಮ್ಮ ಮಾತುಗಳು ಸಂಪೂರ್ಣ ಸುರಕ್ಷಿತ."

ಎರ್ಲಿಂಡಾ ಅದನ್ನು ಕ್ಲೈಡ್‌ಗೆ ತೋರಿಸಿದಳು. ಅವಳ ಕಿವಿಯ ತುದಿ ಕೆಂಪಾಗಿತ್ತು.

"ನಮ್ಮ ಮಾತು ಎಲ್ಲಿರುತ್ತೆ ಅಂತಾನೇ ಗೊತ್ತಿಲ್ಲ ಇವರಿಗೆ! ಕಿವಿ ಮುಚ್ಕೊಂಡಿದೀವಿ, ಕಣ್ಣು ಮಾತ್ರ ತೆಗೆದಿದೀವಿ ಅಂತಾರೆ. ಕಿವಿ ತಗೊಂಡು ನಾನೇನ್ ಮಾಡ್ಲಿ?"

"ಹಾಗಾದ್ರೆ ನಿನ್ನ ಚಿತ್ರ ಎಷ್ಟಿದೆ ಅಂತ ಕೇಳು," ಎಂದ ಕ್ಲೈಡ್. "ಕೇಳಿದ್ರೆ ಕೊಡ್ಲೇಬೇಕು ಅಂತ ನಮ್ಮ ರಾಜ್ಯದಲ್ಲಿ ಕಾನೂನಿದೆ."

ಅವಳು ಕೇಳಿದಳು. ಕಂಪನಿಯವರು ಕಾನೂನಿಗೆ ತಲೆಬಾಗಿ, ಆಯ್ದು ಉಳಿಸಿಟ್ಟಿದ್ದ ಚಿತ್ರಗಳನ್ನೆಲ್ಲ ಕಳಿಸಿಯೂ ಬಿಟ್ಟರು. ಆದರೆ ಕಳಿಸಿದ್ದು ಖಾತೆ ಯಾರ ಹೆಸರಿನಲ್ಲಿತ್ತೋ ಅವರಿಗೆ.

ಭಾನುವಾರ ಬೆಳಿಗ್ಗೆ ಎರ್ಲಿಂಡಾ ಬೆಳ್ಳುಳ್ಳಿ ಅನ್ನ ಹುರಿಯುತ್ತಿದ್ದಾಗ ಅಡುಗೆಮನೆಯ ದೀಪ ಹತ್ತಿ ಆರಿತು. ಬಾಗಿಲಲ್ಲಿ ಯಾರೋ ಕರೆಗಂಟೆ ಒತ್ತಿದ್ದರು. ನೋರೀನ್ ಕೋಟು ಕೂಡ ಬಿಚ್ಚದೆ ಒಳಗೆ ಬಂದು ಫೋನನ್ನು ಮೇಜಿನ ಮೇಲಿಟ್ಟಳು.

"ಪೆಲಿಕನ್‌ನವರು ನನಗೆ ವಿಡಿಯೋ ಕಳಿಸಿದಾರೆ ಅಮ್ಮಾ. ನಿನ್ನವು. ಏನೋ ಅಪಘಾತ ಆಗಿದೆ ಅಂದ್ಕೊಂಡು ಗಾಬರಿಯಿಂದ ತೆಗೆದೆ."

ಎರ್ಲಿಂಡಾ ಒಲೆ ಆರಿಸಿದಳು. ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ.

"ಡಾಟಿ ಆಂಟಿಗೆ ಗೊತ್ತು," ಎಂದಳು ನೋರೀನ್. "ಆ ಕಂಪನಿಯಲ್ಲಿ ಕೂತಿರೋ ಯಾರ್ಯಾರಿಗೋ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ. ನಾನು ಬೇಡ ಅಂತಿದ್ನಾ? ಕ್ಲೈಡ್ ಅಂಕಲ್ ಅಂದ್ರೆ ನನಗೆ ಇಷ್ಟ ಇಲ್ವಾ? ನಿನಗೆ ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಕೂತ್ಕೋ."

"ಕೂರಲ್ಲ."

"ಕೂತ್ಕೋ ಮರಿ. ನಿಂತ್ಕೊಂಡು ಮಾತಾಡಿದ್ರೆ ಬ್ಯಾಂಕಲ್ಲಿ ಇದ್ದ ಹಾಗಿರುತ್ತೆ."

ನೋರೀನ್ ಕೂತಳು. ಕ್ಲೈಡ್‌ಗೆ ಹೇಳಲಾಗದೆ ಉಳಿದಿದ್ದ ಮಾತು ಆಗ ತಾನಾಗಿಯೇ ಎರ್ಲಿಂಡಾಳ ಕೈಗೆ ಬಂತು.

"ನೀನು ಮಾತು ಕಲಿತಾಗಿನಿಂದ ನಮ್ಮನೇ ಮಾತೆಲ್ಲ ನಿನ್ನ ಮೂಲಕಾನೇ ಹೋಗಿದೆ. ಬ್ಯಾಂಕಿನವರು ಹೇಳಿದ್ದು, ಮನೆ ಮಾಲೀಕ ಬೈದಿದ್ದು, ನಿನ್ನ ಟೀಚರ್ ನಿನ್ನ ಮೇಲೇ ದೂರು ಹೇಳಿದ್ದು. ಅಪ್ಪನಿಗೆ ಇನ್ನು ಹೆಚ್ಚು ದಿನ ಇಲ್ಲ ಅಂತ ಡಾಕ್ಟ್ರು ಹೇಳಿದ್ದು ನಿನಗೆ. ನೀನು ಇನ್ನೂ ಶಾಲೆಗೆ ಹೋಗ್ತಿದ್ದೆ. ಆ ಸುದ್ದೀನ ನಾನು ನಿನ್ನ ಪುಟ್ಟ ಕೈಯಿಂದ ಈಸ್ಕೊಂಡೆ. ಹಾಗಾಗಬಾರದಿತ್ತು. ನಿನಗೂ ಆಗಬಾರದಿತ್ತು, ನನಗೂ."

ನೋರೀನ್ ಕಣ್ಣು ಕೆಳಗೆ ಹಾಕಿದಳು. ಕೈಮಾತಿನವರಲ್ಲಿ ಕಣ್ಣು ತಪ್ಪಿಸುವುದೆಂದರೆ ಕಿವಿ ಮುಚ್ಚಿಕೊಂಡಂತೆ. ಅದು ಅವಳಿಗೂ ಗೊತ್ತಿತ್ತು, ಕೂಡಲೇ ತಲೆಯೆತ್ತಿದಳು.

"ಈ ಒಂದು ವಿಷಯ ಮಾತ್ರ," ಎಂದಳು ಎರ್ಲಿಂಡಾ, "ಯಾರ ಕೈಯಿಂದಾನೂ ಬಂದಿದ್ದಲ್ಲ. ನೇರ ನನಗೇ ಬಂತು. ಸ್ವಲ್ಪ ದಿನ ನನ್ನ ಹತ್ರಾನೇ ಇಟ್ಕೊಳ್ಳೋಣ ಅನ್ನಿಸ್ತು. ಡಾಟಿಗೆ ಹೇಳಿದ್ದು ಯಾಕಂದ್ರೆ, ಅವಳ ಹತ್ರ ನಾನು ಯಾರ ಅಮ್ಮಾನೂ ಅಲ್ಲ. ನಿನಗೆ ಹೇಳ್ಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಅವರು ಹೇಳಿಬಿಟ್ರು."

ಹೊರಗೆ ಮಂಜು ಕರಗಿ ಕಿಟಕಿಗೆ ಬಿಸಿಲು ಬಂದಿತ್ತು. ನೋರೀನ್ ಮೂಗೊರೆಸಿಕೊಂಡಳು.

"ನಾನು ನೋಡ್ಬಾರದಿತ್ತು. ಮದುವೆ ಅಂತ ನೀನು ಹೇಳಿದ ಕೂಡ್ಲೇ ನಿಲ್ಲಿಸ್ಬೇಕಿತ್ತು. ಆಗ್ಲಿಲ್ಲ. ನಿನ್ನ ಮುಖ ನೋಡ್ತಾ..." ಅವಳು ಫೋನು ಎತ್ತಿ ಅಮ್ಮನ ಮುಂದೆ ಹಿಡಿದಳು. "ನೀನೇ ನೋಡು."

ಮೇಲಿಂದ ತೆಗೆದ, ಸ್ವಲ್ಪ ಬಾಗಿದ ಚಿತ್ರ. ಅದರಲ್ಲಿ ನರೆಗೂದಲಿನ ಹೆಂಗಸೊಬ್ಬಳು ಗೆಳತಿಯ ಮೊಣಕಾಲು ತಟ್ಟಿ, ಮದುವೆ ಎಂದು ಹೇಳಿ, ತನ್ನ ಮಾತಿಗೆ ತಾನೇ ನಾಚಿ ತಲೆ ತಗ್ಗಿಸುತ್ತಿದ್ದಳು. ತನ್ನ ಮುಖ ಅಷ್ಟು ಬೆಳಗುವುದುಂಟೆಂದು ಎರ್ಲಿಂಡಾ ತಿಳಿದಿರಲಿಲ್ಲ. ಕನ್ನಡಿಯ ಮುಂದೆ ನಿಂತಾಗ ಯಾರಿಗೂ ಆ ಮುಖ ಇರುವುದಿಲ್ಲ. ಕಣ್ಣು ತುಂಬಿ ಬಂತು. ಜೊತೆಗೇ ಸಿಟ್ಟೂ ಬಂತು. ಈ ಮುಖವನ್ನು ಕ್ಲೈಡ್‌ಗೂ ಮುಂಚೆ, ಮಗಳಿಗೂ ಮುಂಚೆ, ಹೆಸರು ಗೊತ್ತಿಲ್ಲದ ಯಾರೋ ನೋಡಿ ಎತ್ತಿಟ್ಟುಕೊಂಡಿದ್ದರಲ್ಲ!

"ಅಳಿಸ್ಲಾ?" ಎಂದು ಕೇಳಿದಳು ನೋರೀನ್.

"ಇದನ್ನ ಅಳಿಸ್ಬೇಡ. ಇದು ನಂದು. ಅವರ ಹತ್ರ ಇರೋದನ್ನ ಅಳಿಸಿಸ್ಬೇಕು."

"ಅಳಿಸಿಸೋಣ. ನಾನು ಫೋನ್ ಮಾಡಿ ಮಾತಾಡ್ತೀನಿ, ನಾಳೇನೇ..."

ಎರ್ಲಿಂಡಾ ಮಗಳ ಕೈ ಹಿಡಿದು ನಿಲ್ಲಿಸಿದಳು. "ನೀನಲ್ಲ. ನಾನು ಮಾತಾಡ್ತೀನಿ. ನೀನು ಅನ್ನ ತಿನ್ನು, ಆರಿಹೋಗ್ತಿದೆ."

ಅವಳು ಒಬ್ಬಳೇ ಮಾತಾಡಲಿಲ್ಲ. ಬುಧವಾರ ಕ್ಲಬ್ಬಿನಲ್ಲಿ ಡಾಟಿ ದೀಪದ ಸ್ವಿಚ್ಚನ್ನು ಪಟಪಟ ಒತ್ತಿ ಎಲ್ಲರ ಗಮನ ಸೆಳೆದಳು. ಎರ್ಲಿಂಡಾ ನಡೆದದ್ದನ್ನು ಹೇಳಿದಳು. ಮದುವೆ ಸಂಗತಿಯನ್ನೂ ಹೇಳಿದಳು, ಇನ್ನು ಮುಚ್ಚಿಡುವುದೇನಿತ್ತು? ಸಭೆ ಮೊದಲು ಕ್ಲೈಡ್‌ನ ಬೆನ್ನು ತಟ್ಟಿತು, ಆಮೇಲೆ ಕೋಪಕ್ಕೆ ಬಂತು. ಯಾರ್ಯಾರದೋ ಕಥೆ ಈಚೆ ಬಂತು. ತಮ್ಮ ಕಾರೂ ಹೀಗೆ ನಿಂತಿತ್ತೆಂದು ಒಬ್ಬರು. ಆ ಕಾರಿನಲ್ಲಿ ಗಂಡನಿಗೆ ತನ್ನ ಕಾಯಿಲೆಯ ವಿಷಯ ಹೇಳಿದ್ದೆನೆಂದು ಮುಖ ಬಿಳಿಚಿಕೊಂಡ ಇನ್ನೊಬ್ಬಳು. ಎಲ್ಲರೂ ಸೇರಿ ಬರೆದ ಮನವಿಗೆ ಕಂಪನಿ ಈ ಸಲ ಸಿದ್ಧ ಉತ್ತರ ಕಳಿಸಲಿಲ್ಲ. ಜನರನ್ನೇ ಕಳಿಸುತ್ತೇವೆ ಎಂದಿತು.

ಬಂದವರು ಇಬ್ಬರು. ಪ್ರಯಾಣಿಕರ ವಿಭಾಗದ ಮುಖ್ಯಸ್ಥೆ ಪ್ರಿಸಿಲ್ಲಾ ಹಾರ್ಗ್ರೋವ್, ಅವಳ ಜೊತೆ ಕ್ಯಾಮೆರಾ ವಿಭಾಗದ ಒಬ್ಬ ಎಂಜಿನಿಯರ್. ಕೈಮಾತನ್ನು ಇಂಗ್ಲಿಷಿಗೆ ದಾಟಿಸಲು ಕ್ಲಬ್ಬಿನವರು ಒಬ್ಬ ದುಭಾಷಿಯನ್ನು ಕರೆಸಿದ್ದರು. ನೋರೀನ್ ಮೂರನೇ ಸಾಲಿನಲ್ಲಿ, ಅಭ್ಯಾಸಬಲದಿಂದ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಎರ್ಲಿಂಡಾ ವೇದಿಕೆಯಿಂದಲೇ ಅವಳಿಗೆ ಹಿಂದಕ್ಕೆ ಒರಗಿ ಕೂರುವಂತೆ ಸನ್ನೆ ಮಾಡಿದಳು.

"ನಿಮ್ಮನ್ನ ಒಂದು ಕೇಳ್ತೀನಿ," ಎಂದಳು ಪ್ರಿಸಿಲ್ಲಾಗೆ. "ಕಿವಿ ಕೇಳೋ ಜನ ಕಾರಲ್ಲಿ ಆಡೋ ಮಾತನ್ನ ನೀವು ಹಿಡಿದಿಟ್ಕೋತೀರಾ?"

"ಇಲ್ಲ. ಅವರಾಗಿ ಒಪ್ಪದೆ ಎಂದೂ ಇಲ್ಲ."

"ಯಾಕೆ?"

"ಅದು ಅವರ ಖಾಸಗಿ ವಿಷಯ."

"ನಮ್ಮದು?"

ಪ್ರಿಸಿಲ್ಲಾ ಕೆಟ್ಟ ಹೆಂಗಸಲ್ಲ. ಬರೆದುಕೊಂಡು ಬಂದಿದ್ದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ನಮಗೆ ಹೊಳೆಯಲೇ ಇಲ್ಲ. ಮಾತು ಅಂದ್ರೆ ಸದ್ದು ಅಂತಾನೇ ಅಂದ್ಕೊಂಡಿದ್ವಿ."

ಆಗ ಸಭೆಯ ನಡುವಿನಿಂದ ಆರ್ವಿಲ್ ಎಂಬ ಮುದುಕ ಎದ್ದ. ಕ್ಲಬ್ಬಿನಲ್ಲಿ ಎಲ್ಲದಕ್ಕೂ ಅಡ್ಡ ಮಾತಾಡುವವನೆಂದು ಹೆಸರಾದವನು.

"ಕ್ಯಾಮೆರಾ ಕಿತ್ತು ಬಿಸಾಕಿ ಅಂತ ಎಲ್ಲ ಕುಣೀತಿದೀರಲ್ಲ, ನನ್ನದೂ ಕೇಳಿ. ಹೋದ ವರ್ಷ ಆ ಕಾರಲ್ಲೇ ನನಗೆ ಮೂರ್ಛೆ ಬಂತು. ಆ ಕಣ್ಣು ನೋಡ್ತಾ ಇದ್ದಿದ್ದಕ್ಕೆ ಆಂಬುಲೆನ್ಸ್ ಬಂತು. ಇಲ್ದಿದ್ರೆ ಇವತ್ತು ನಿಮ್ಮ ಕಾಫಿ ಕುಡಿಯೋಕೆ ನಾನಿರ್ತಿರ್ಲಿಲ್ಲ."

"ಕಾಫಿ ಆದ್ರೂ ಉಳೀತಿತ್ತು," ಎಂದಳು ಡಾಟಿ. ಸಭೆ ನಕ್ಕಿತು. ಆದರೆ ಆರ್ವಿಲ್ ಹೇಳಿದ್ದು ಎಲ್ಲರ ತಲೆಯೊಳಗೂ ಇಳಿದಿತ್ತು. ಎರ್ಲಿಂಡಾಳೂ ಯೋಚನೆಗೆ ಬಿದ್ದಳು. ಅಲ್ಲಿಯವರೆಗೆ ಕಣ್ಣೇ ಬೇಡವೆಂದು ಅವಳ ಹಟವಿತ್ತು. ಕುಸಿದು ಬಿದ್ದವನನ್ನು ಯಾರೂ ನೋಡದಿರಲಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಕೈಯೂ ಬರಲಿಲ್ಲ.

"ಬಿದ್ದಿದ್ದು ಕಾಣ್ಬೇಕು," ಎಂದಳು ಕೊನೆಗೆ. "ಬೆರಳು ಕಾಣ್ಬಾರದು. ಮುಖಾನೂ ಕಾಣ್ಬಾರದು, ನಮ್ಮ ಮಾತು ಅರ್ಧ ಮುಖದಲ್ಲೇ ಇರೋದು. ಹಾಗೆ ಮಾಡೋಕಾಗುತ್ತಾ?"

ಎಂಜಿನಿಯರ್ ಮೊದಲ ಬಾರಿಗೆ ಬಾಯಿ ತೆರೆದ. ಆಗಬಹುದು ಎಂದ. ಮನುಷ್ಯನ ಆಕಾರವನ್ನು ಬರೀ ಗೆರೆಗಳಾಗಿ ಮಾಡಿಬಿಡಬಹುದು. ಕಾರು ಆ ಗೆರೆಯನ್ನಷ್ಟೇ ನೋಡಿ ಕೂತಿದ್ದಾರೋ ಬಿದ್ದಿದ್ದಾರೋ ತಿಳಿಯುತ್ತದೆ. ನಿಜ ಚಿತ್ರ ಕಾರಿನಿಂದ ಹೊರಗೇ ಹೋಗಬೇಕಾಗಿಲ್ಲ. "ಯಾರೂ ಇದುವರೆಗೆ ಕೇಳಿರಲಿಲ್ಲ," ಎಂದು ಸೇರಿಸಿದ.

"ಈಗ ಕೇಳಿದೀವಲ್ಲ," ಎಂದಳು ಎರ್ಲಿಂಡಾ. ಸಭೆಯ ಕೈಗಳೆಲ್ಲ ಮೇಲೆದ್ದು ಗಾಳಿಯಲ್ಲಿ ಅಲುಗಾಡಿದವು. ಅದು ಕಿವುಡರ ಚಪ್ಪಾಳೆ.

ಸಭೆ ಚದುರುವಾಗ ಮೂವತ್ತು ದಾಟಿದ, ಬಾಗಿಲಗಲದ ಆಳೊಬ್ಬ ಅವಳ ಎದುರು ಬಂದು ನಿಂತ. ಪಕ್ಕದಲ್ಲಿ ಅವನಷ್ಟೇ ದೊಡ್ಡ ದೇಹದ ಅವನ ತಾಯಿ, ಟೊಂಗಾ ದ್ವೀಪದವರು. ಅವಳನ್ನು ಎರ್ಲಿಂಡಾ ಬಲ್ಲಳು: ಸ್ಯಾನ್ ಮಟೇಯೊದಿಂದ ಹಬ್ಬಹರಿದಿನಕ್ಕೆ ಕ್ಲಬ್ಬಿಗೆ ಬರುವ ಮೆಲೆ.

"ನನ್ನ ಹೆಸರು ಟೆವಿಟಾ," ಎಂದ ಅವನು ಕೈಯಲ್ಲಿ. "ಅವತ್ತು ಪರದೆ ಮೇಲೆ ಬರೆದವನು ನಾನೇ ಆಂಟಿ. ನಾನು ನಿಮ್ಮನ್ನ ನೋಡಿದ್ದೆ, ನೀವು ನನ್ನನ್ನ ನೋಡಿರ್ಲಿಲ್ಲ. ಅದು ಸರಿ ಅನ್ನಿಸ್ಲಿಲ್ಲ. ಅದಕ್ಕೇ ಬಂದೆ."

ಎರ್ಲಿಂಡಾ ಅವನನ್ನು ಅಡಿಯಿಂದ ಮುಡಿಯವರೆಗೆ, ಬೇಕೆಂದೇ, ನಿಧಾನವಾಗಿ ನೋಡಿದಳು. ಅವನು ನೋಡಿಸಿಕೊಂಡು ನಿಂತ.

"ಯಾರಿಗೂ ಹೇಳ್ಲಿಲ್ವಾ ನೀನು?"

ಉತ್ತರ ಕೊಟ್ಟವಳು ಮೆಲೆ. "ಹೇಳ್ಲಿಲ್ಲ! ಹೆತ್ತ ತಾಯಿಗೇ ಹೇಳ್ಲಿಲ್ಲ! ನಿನ್ನ ಮದುವೆ ಸುದ್ದಿ ನನಗೆ ಪಕ್ಕದ ಮನೆಯವಳಿಂದ ಗೊತ್ತಾಯ್ತು. ಇವನು ಎದುರಿಗೇ ಕೂತು ಊಟ ಮಾಡ್ತಿದ್ದ, ತುಟಿ ಪಿಟಕ್ ಅನ್ಲಿಲ್ಲ. ಎಂಥ ಮಗನ್ನ ಸಾಕಿದೀನಿ ನೋಡು!"

"ಒಳ್ಳೇ ಮಗನ್ನೇ ಸಾಕಿದೀಯ ಬಿಡು," ಎಂದು ಎರ್ಲಿಂಡಾ ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡಳು, ತೋಳಿಗೆ ಸಿಕ್ಕಷ್ಟು.

ಕೈಮಾತನ್ನು ಕಾರು ಹೊಡೆದಾಟವೆಂದು ತಿಳಿಯುವ ವಿಷಯವನ್ನು ಟೆವಿಟಾ ಮೇಲಿನವರಿಗೆ ಹಿಂದೆಯೇ ತಿಳಿಸಿದ್ದನಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಪ್ರಿಸಿಲ್ಲಾ ಅವನನ್ನು ಅಲ್ಲಿಯೇ ಪಕ್ಕಕ್ಕೆ ಕರೆದು ಬಹಳ ಹೊತ್ತು ಮಾತಾಡಿದಳು. ಅವನಿಗೆ ಆಮೇಲೆ ಹೊಸ ಕೆಲಸ ಕೊಟ್ಟರು: ಗೆರೆಯ ಚಿತ್ರ ಸರಿಯಾಗುತ್ತಿದೆಯೋ ಇಲ್ಲವೋ ಎಂದು ಕ್ಲಬ್ಬಿನವರ ಜೊತೆ ಕೂತು ಪರೀಕ್ಷಿಸುವುದು.

ಎಲ್ಲವೂ ಹೂವೆತ್ತಿದಂತೆ ಆಯಿತೆಂದು ಹೇಳಿದರೆ ಸುಳ್ಳಾದೀತು. ತಿಂಗಳುಗಟ್ಟಲೆ ಹಿಡಿಯಿತು. ಒಮ್ಮೆ ಗೆರೆಗಳು ತೀರ ಸಣ್ಣವಾಗಿ, ಬೆರಳು ಬೆರಳೂ ಎಣಿಸುವಂತಿತ್ತು. ಡಾಟಿ ಆ ಪರೀಕ್ಷೆಯ ಕಾರಿನಲ್ಲಿ ಕೂತು ಹೇಳಬಾರದ್ದನ್ನೆಲ್ಲ ಕೈಯಲ್ಲಿ ಹೇಳಿದಳು, ಪರದೆ ನೋಡುತ್ತಿದ್ದ ಟೆವಿಟಾ ಕೆಂಪಾಗಿ, "ಇನ್ನೂ ಓದೋಕಾಗ್ತಿದೆ, ಸರಿಯಾಗಿಲ್ಲ!" ಎಂದು ಎಂಜಿನಿಯರ್‌ಗೆ ಕೂಗಿದ. ಇನ್ನೊಮ್ಮೆ ಗೆರೆ ತೀರ ದಪ್ಪವಾಗಿ, ಆರ್ವಿಲ್ ಬೇಕೆಂದೇ ಸೀಟಿನಿಂದ ಕೆಳಗೆ ಉರುಳಿದರೂ ಕಾರಿಗೆ ತಿಳಿಯಲಿಲ್ಲ. ಮತ್ತೆ ಮಾಡಿದರು. ಕಡೆಗೆ ಪೆಲಿಕನ್ ಕಾರುಗಳಲ್ಲೆಲ್ಲ ಗೆರೆಯ ಚಿತ್ರವೇ ಬಂತು, ಕಿವುಡರಿಗೆ ಮಾತ್ರವಲ್ಲ, ಹತ್ತಿದ ಎಲ್ಲರಿಗೂ. ಪ್ರಯಾಣಿಕರೇ ಸಹಾಯದ ಗುಂಡಿ ಒತ್ತಿದರೆ ಮಾತ್ರ ನಿಜ ಚಿತ್ರ ತೆರೆಯುತ್ತಿತ್ತು, ಆಗ ಕೆಂಪು ದೀಪವೊಂದು ಹತ್ತುತ್ತಿತ್ತು. ಹಳೆಯ ಚಿತ್ರಗಳನ್ನು ಅಳಿಸಿದೆವೆಂದು ಕಂಪನಿ ಬರೆದುಕೊಟ್ಟಿತು. ಬೇರೆ ಕಂಪನಿಗಳ ಕಾರುಗಳಲ್ಲಿ ಏನು ನಡೆಯುತ್ತದೋ, ಅದರ ಬೆನ್ನು ಹತ್ತಲು ಕ್ಲಬ್ಬಿನಲ್ಲಿ ಒಂದು ಗುಂಪೇ ಹುಟ್ಟಿಕೊಂಡಿತು. ಡಾಟಿ ಅದರ ಅಧ್ಯಕ್ಷೆ. ಪಾಪ ಆ ಕಂಪನಿಗಳು!

ಖಾತೆಯೂ ಎರ್ಲಿಂಡಾಳ ಹೆಸರಿಗೆ ಬಂತು. ನೋರೀನ್ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತಳು. ಅಮ್ಮನೇ ಎಲ್ಲ ಒತ್ತಿದಳು, ಎರಡು ಸಲ ತಪ್ಪಿದಳು, ಮಗಳು ಕೈ ಕಟ್ಟಿಕೊಂಡು ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದು ಎರ್ಲಿಂಡಾಗೆ ಮಾತ್ರ ಗೊತ್ತು.

ಮದುವೆ ನಡೆದದ್ದು ಬೇಸಿಗೆಯ ಕೊನೆಗೆ, ನಗರಸಭೆಯ ದೊಡ್ಡ ಮೆಟ್ಟಿಲ ಮೇಲೆ. ಮದುವೆ ಮಾಡಿಸುವ ಅಧಿಕಾರಿಯ ಪಕ್ಕದಲ್ಲಿ ದುಭಾಷಿ ನಿಂತಿದ್ದಳು. ಕ್ಲೈಡ್ ತನ್ನ ವಚನವನ್ನು ಎಷ್ಟು ನಿಧಾನವಾಗಿ ಹೇಳಿದನೆಂದರೆ, ಹಿಂದೆ ಸರದಿಯಲ್ಲಿದ್ದ ಇನ್ನೊಂದು ಜೋಡಿ ಗಡಿಯಾರ ನೋಡತೊಡಗಿತು.

ಊಟ ಕ್ಲಬ್ಬಿನಲ್ಲಿ. ಎರ್ಲಿಂಡಾಳ ತಂಗಿಯರು ಪಾನ್ಸಿಟ್ ಶಾವಿಗೆ, ಲುಂಪಿಯಾ ಸುರುಳಿ ಮಾಡಿ ತಂದಿದ್ದರು. ಕ್ಲೈಡ್‌ನ ಕಡೆಯವರು ಓಕ್ಲೆಂಡಿನಿಂದ ಹುರಿದ ಮೀನು, ಸಿಹಿಗೆಣಸಿನ ಕಡುಬು ತಂದರು. ಕ್ಲೈಡ್‌ನ ಅಕ್ಕನಿಗೆ ಕಿವಿ ಕೇಳುತ್ತಿತ್ತು, ಕೈಮಾತು ಅಷ್ಟಕ್ಕಷ್ಟೇ. ಅವಳು ಎರ್ಲಿಂಡಾಗೆ ಏನೋ ಹೇಳಲೆಂದು ಬಂದು, ರೂಢಿಯಂತೆ ನೋರೀನ್ ಕಡೆ ತಿರುಗಿ, "ನಿಮ್ಮಮ್ಮಂಗೆ ಹೇಳಮ್ಮ..." ಎಂದು ಶುರು ಮಾಡಿದಳು.

ನೋರೀನ್ ಎದ್ದೇಬಿಟ್ಟಿದ್ದಳು. ಅಮ್ಮನ ಕಣ್ಣು ಅವಳನ್ನು ಹಿಡಿಯಿತು.

"ಅತ್ತೇ, ಇವತ್ತು ನಾನು ಮದುಮಗಳ ಮಗಳು ಅಷ್ಟೇ," ಎಂದಳು ನೋರೀನ್, ನಗುತ್ತ. "ದುಭಾಷಿ ಅಲ್ಲಿದಾರೆ, ನೀಲಿ ಲಂಗ ಹಾಕಿದಾರಲ್ಲ, ಅವರು. ಇಲ್ಲಾಂದ್ರೆ ನೀವೇ ಕೈಯಲ್ಲಿ ಹೇಳಿ. ತಪ್ಪಾದ್ರೂ ಅಮ್ಮ ನಗಲ್ಲ. ಡಾಟಿ ಆಂಟಿ ನಗ್ತಾರೆ."

ಅಕ್ಕ ತಟ್ಟೆ ಕೆಳಗಿಟ್ಟು, ಎರಡೂ ಕೈ ಎತ್ತಿದಳು. ಅವಳು ಹೇಳಿದ್ದು ತಪ್ಪುತಪ್ಪಾಗಿತ್ತು. ಎರ್ಲಿಂಡಾಗೆ ಪೂರ್ತಿ ತಿಳಿಯಿತು. ಆ ಕಡೆ ನೋರೀನ್ ಬೆನ್ನು ತಿರುಗಿಸಿ ಕೂತು, ಇನ್ನೊಂದು ತಟ್ಟೆ ಶಾವಿಗೆ ಬಡಿಸಿಕೊಂಡು, ಯಾರ ಮಾತಿಗೂ ಕಾಯದೆ ಹೊಟ್ಟೆತುಂಬ ತಿಂದಳು.